ಗಡಿಗೆರೆಯ ಮೇಲೆ ಒಡೆದ ಪೈಪು

ಪೈಪು ಒಡೆದದ್ದು ಸರಿಯಾಗಿ ಎರಡು ದೇಶಗಳ ಗಡಿಗೆರೆಯ ಮೇಲೆ. ಆಚೆಯ ಊರಿಗೂ ಈಚೆಯ ಊರಿಗೂ ಕುಡಿಯುವ ನೀರು ಬರುತ್ತಿದ್ದದ್ದು ಅದೊಂದರಲ್ಲೇ. ಮೂವತ್ತು ವರ್ಷ ಆ ಪೈಪನ್ನು ನೋಡಿಕೊಂಡಿದ್ದ ಈ ಕಡೆಯ ಫಿಟ್ಟರ್, “ಇಪ್ಪತ್ತು ನಿಮಿಷದ ಕೆಲಸ” ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಈ ಕಡೆಯಿಂದ ಏಳು ಅಧಿಕಾರಿಗಳು ಬಂದರು. ಆ ಕಡೆಯಿಂದಲೂ ಏಳೇ; ಒಂದು ತಲೆ ಕಮ್ಮಿಯಾದರೆ ದೇಶದ ಮರ್ಯಾದೆ ಹೋಗುತ್ತದಂತೆ. ಟೇಪು ಹಿಡಿದು ಬಿರುಕು ಅಳೆದರು. ಈಚೆಗೆ ಆರು ಸೆಂಟಿಮೀಟರು, ಆಚೆಗೆ ಎಂಟು.

“ದೊಡ್ಡ ಪಾಲು ನಿಮ್ಮದು, ನೀವೇ ಸರಿಮಾಡಿ” ಎಂದರು ಇವರು.

“ಬಿರುಕು ಬಿಡೋಕೆ ಶುರುವಾಗಿದ್ದು ನಿಮ್ಮ ಕಡೆಯಿಂದ” ಎಂದರು ಅವರು.

ನಾಲ್ಕು ದಿನ ನಲ್ಲಿಗಳು ಒಣಗಿದವು. ಫಿಟ್ಟರನ ಮನೆಯಲ್ಲಿ ನೆನೆಸಿಟ್ಟ ಬಟ್ಟೆ ಬಕೆಟ್ಟಿನಲ್ಲೇ ನಾರತೊಡಗಿತು.

“ನಿಮ್ಮ ಸಾಹೇಬ್ರು ಇನ್ನೂ ಅಳೀತಾನೇ ಇದಾರಾ?” ಎಂದಳು ಹೆಂಡತಿ.

“ಅಳೀಲಿ ಬಿಡು. ಅದಕ್ಕೆ ತಲೆ ಬೇಕಾಗಿಲ್ವಲ್ಲ.”

ಆ ಕಡೆಯ ಫಿಟ್ಟರ್ ಇವನ ಅಕ್ಕನ ಗಂಡ. ಐದನೆಯ ದಿನ ಮಧ್ಯಾಹ್ನ ಹದಿನಾಲ್ಕು ಜನರೂ ಊಟಕ್ಕೆಂದು ಡೇರೆ ಸೇರಿದಾಗ ಭಾವ, ಭಾವಮೈದುನ ಇಬ್ಬರೂ ಪೈಪಿನ ಗುಂಡಿಗಿಳಿದರು. ಎರಡೂ ಕಡೆಯ ಕಾವಲಿನ ಪೇದೆಗಳೂ ಸ್ನಾನ ಕಂಡು ನಾಲ್ಕು ದಿನವಾಗಿತ್ತು; ಅವರು ಆಕಾಶ ನೋಡುತ್ತ ನಿಂತರು.

“ಭಾವ, ಕ್ಲಾಂಪು ತಂದ್ರಾ?”

“ತಂದಿದೀನಿ. ನೀನು ರಬ್ಬರ್ ಒತ್ತಿ ಹಿಡಿ. ನಮ್ಮ ದೇಶದೊಳಗೆ ಕೈ ಚಾಚಬೇಕಾಗತ್ತೆ, ಪರವಾಗಿಲ್ವಾ?”

“ಅಕ್ಕನ್ನೇ ಕೊಟ್ಟಿದೀವಿ, ಕೈ ಯಾವ ಲೆಕ್ಕ?”

ಹದಿನೆಂಟು ನಿಮಿಷದಲ್ಲಿ ಸೋರಿಕೆ ನಿಂತಿತು. ಸಂಜೆ ಎರಡೂ ದೇಶಗಳ ರೇಡಿಯೋ ಒಂದೇ ಸುದ್ದಿ ಊದಿದವು: ತಮ್ಮ ದಿಟ್ಟ ನಿಲುವಿಗೆ ನೆರೆಯವರು ಮಣಿದರು!

ವಾರ ಕಳೆದು ಫಿಟ್ಟರನಿಗೆ ನೋಟಿಸ್ ಬಂತು. ಅವನ ಬಲಗೈ, ಮೊಣಕೈವರೆಗೆ, ಅನುಮತಿಯಿಲ್ಲದೆ ಪರದೇಶ ಪ್ರವೇಶಿಸಿತ್ತು. ಕಚೇರಿಗೆ ಹೋದರೆ ಸಾಹೇಬರು ಮಿಂದು, ತಲೆ ಬಾಚಿ, ಘಮಘಮ ಎನ್ನುತ್ತ ಕೂತಿದ್ದರು.

“ವಿವರಣೆ ಕೊಡಬೇಕು ನೀನು.”

“ಸ್ನಾನ ಮಾಡಿದೀರಲ್ಲ ಸಾರ್, ಇನ್ನೇನು ವಿವರಣೆ?”

“ಅದು ಬೇರೆ ವಿಷಯ” ಎಂದ ಸಾಹೇಬರು ಎರಡು ತಿಂಗಳ ಅಮಾನತಿನ ಆದೇಶವನ್ನು ಮುಂದಕ್ಕೆ ತಳ್ಳಿದರು.

ಫಿಟ್ಟರನಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟಾಗಬೇಕಾದರೆ ಎದುರಿಗಿದ್ದವನು ಅಷ್ಟಾದರೂ ತೂಕದವನಾಗಿರಬೇಕಿತ್ತು. ಕುರ್ಚಿ ಎಳೆದುಕೊಳ್ಳದೆ, ನಿಂತೇ ಸಹಿ ಗೀಚಿ ಹೊರಬಂದ. ಮನೆ ಮುಟ್ಟುವಷ್ಟರಲ್ಲಿ ಭಾವನ ಫೋನು.

“ನಂಗೆ ಮೂರು ತಿಂಗಳು ಕಣೋ. ನಿಮ್ಮೋರು ಎರಡು ಕೊಟ್ರು ಅಂತ ಗೊತ್ತಾಗಿ ನಮ್ಮೋರು ಒಂದು ಜಾಸ್ತಿ ಹಾಕಿದಾರೆ.”

“ಥೂ, ಇದರಲ್ಲೂ ಪೈಪೋಟಿನಾ ಇವಕ್ಕೆ!” ಎಂದು ಫಿಟ್ಟರ್ ನಗತೊಡಗಿದ. ಆಚೆಯಿಂದ ಅಕ್ಕ ಫೋನು ಕಿತ್ತುಕೊಂಡು, ಇಬ್ಬರಿಗೂ ಸೇರಿಸಿ ಬೈದಳು.