ಎತ್ತಿ ಕೂರಿಸುವ ಕೆಲಸ

ದಾನೇಶ್ವರಿಗೆ ಬೆನ್ನು ನೋವು ಶುರುವಾಗಿ ಹದಿನಾಲ್ಕು ತಿಂಗಳಾಗಿತ್ತು. ಸೊಂಟದ ಮೇಲೆ ಬಲಗಡೆ, ಅಂಗೈ ಅಗಲದ ಜಾಗ. ಬೆಳಿಗ್ಗೆ ಸಣ್ಣಗೆ ಹಿಡಿದುಕೊಂಡಿರುತ್ತಿದ್ದದ್ದು ಸಂಜೆಯ ಹೊತ್ತಿಗೆ ಕಾಯಿಸಿದ ಕಬ್ಬಿಣದಂತಾಗುತ್ತಿತ್ತು.

ಗುಂಡ್ಲುಪೇಟೆಯಲ್ಲಿ ಮನೆ, ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ಹಾಗಾಗಿ ಎಲ್ಲರೂ ದೂರಿದ್ದು ಬಸ್ಸನ್ನೇ. ಅವಳು ಹಿಂದಿನ ಸೀಟು ಬಿಟ್ಟು ಮುಂದೆ ಕೂರತೊಡಗಿದಳು. ಕಚೇರಿಯ ಕುರ್ಚಿಗೆ ದಿಂಬು ತಂದಳು. ಉಮ್ಮತ್ತೂರಿನಲ್ಲಿ ಉಳುಕು ತೆಗೆಯುವವರೊಬ್ಬರು ಎಣ್ಣೆ ಹಚ್ಚಿ ನೀವಿದಾಗ ಎರಡು ದಿನ ಹಾಯೆನಿಸಿತು, ಮೂರನೆಯ ದಿನ ನೋವು ಮರಳಿತು. ಕೊನೆಗೆ ಗಂಡ ಮಲ್ಲೇಶ್ ಮೈಸೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ. ಮೂಳೆ, ಡಿಸ್ಕ್ ಎಲ್ಲ ಸರಿಯಾಗಿದೆ ಎಂದರು. ಆ ಮಾತಿನಿಂದ ಅವಳಿಗೆ ಸಮಾಧಾನಕ್ಕಿಂತ ಸಂಕೋಚವೇ ಹೆಚ್ಚಾಯಿತು. ಏನೂ ಇಲ್ಲದ ಮೇಲೆ ನೋವು ಅಂತ ಹೇಗೆ ಹೇಳುವುದು?

ಚಾಮರಾಜನಗರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ನಯನಾ ಅವಳ ಬೆನ್ನನ್ನು ಬೆರಳಿನಿಂದ ಒತ್ತುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿದಳು. ದಾನೇಶ್ವರಿ ಹಲ್ಲು ಕಚ್ಚಿದಳು.

"ಇಲ್ಲಿ ಮಾಂಸಖಂಡ ಗಂಟು ಕಟ್ಟಿದೆ," ಎಂದಳು ನಯನಾ. "ಬೆಳಿಗ್ಗೆ ಎದ್ದಾಗಿನಿಂದ ಏನೇನ್ ಮಾಡ್ತೀರಿ, ಒಂದೂ ಬಿಡದೆ ಹೇಳಿ."

"ಕಸ ಗುಡಿಸ್ತೀನಿ, ನೀರು ಹಿಡೀತೀನಿ, ಅಡುಗೆ. ಅತ್ತೆಗೆ ತಿಂಡಿ ಕೊಟ್ಟು ಬಸ್ಸಿಗೆ ಹೊರಡ್ತೀನಿ."

"ಅತ್ತೆ ಅವರೇ ಎದ್ದು ತಿಂತಾರಾ?"

"ಇಲ್ಲ ಮೇಡಂ, ಅವರಿಗೆ ಸ್ಟ್ರೋಕ್ ಆಗಿ ಎರಡು ವರ್ಷ ಆಯ್ತು. ಎಡಗೈ, ಎಡಗಾಲಲ್ಲಿ ಶಕ್ತಿ ಇಲ್ಲ. ಹಗಲು ಪಕ್ಕದ ಮನೆಯವರು ಬಂದು ನೋಡ್ಕೋತಾರೆ, ಮಿಕ್ಕ ಹೊತ್ತೆಲ್ಲ ನಾನೇ ಎತ್ತಿ ಕೂರಿಸ್ತೀನಿ."

"ದಿನಕ್ಕೆ ಎಷ್ಟು ಸಲ?"

ದಾನೇಶ್ವರಿ ಎಣಿಸಿಯೇ ಇರಲಿಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎಂದು ಬೆರಳು ಮಡಿಸುತ್ತಾ ಹೋದಳು. ಒಂಬತ್ತಾಯಿತು.

"ಇದನ್ನ ಯಾರಿಗೂ ಹೇಳಿರಲಿಲ್ವಾ?"

"ಯಾರೂ ಕೇಳಲಿಲ್ಲ. ಇದೂ ಒಂದು ಹೇಳೋ ವಿಷಯ ಅಂತ ನನಗೂ ಅನಿಸಲಿಲ್ಲ."

ನಯನಾ ಅವಳಿಂದ ಎತ್ತುವ ರೀತಿಯನ್ನು ಮಾಡಿಸಿ ನೋಡಿದಳು. ದಾನೇಶ್ವರಿ ಸೊಂಟದಲ್ಲಿ ಬಗ್ಗಿ, ಕಂಕುಳಡಿ ಕೈ ಕೊಟ್ಟವಳಂತೆ ಎತ್ತಿ, ಹಾಗೆಯೇ ಬಲಕ್ಕೆ ತಿರುಗಿದಳು. ನೋವು ಕುಟುಕಿದ್ದು ಆ ತಿರುವಿನಲ್ಲೇ.

"ಮೂಳೆ ಸರಿ ಇರೋದೂ ನಿಜ, ನಿಮ್ಮ ನೋವೂ ನಿಜ," ಎಂದಳು ನಯನಾ. ದಾನೇಶ್ವರಿ ಸ್ವಲ್ಪ ಹೊತ್ತು ಬ್ಯಾಗಿನೊಳಗೆ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದ್ದಳು.

ಆ ಸಂಜೆ ಅಡುಗೆಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮಲ್ಲೇಶ್ ಅರಿಸಿನದ ವ್ಯಾಪಾರಕ್ಕೆ ಬೆಳಗಾಗುತ್ತಲೇ ಹಳ್ಳಿಗಳಿಗೆ ಹೊರಡುತ್ತಿದ್ದ. ತನ್ನ ತಾಯಿಯನ್ನು ಹೆಂಡತಿ ದಿನಕ್ಕೆ ಒಂಬತ್ತು ಸಲ ಎತ್ತುತ್ತಾಳೆಂದು ಅವನಿಗೂ ಗೊತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅತ್ತೆ ದೊಡ್ಡಮಲ್ಲಮ್ಮನಿಗೆ ಕೈಕಾಲು ಸೋತಿದ್ದರೂ ಕಿವಿ ಚುರುಕಾಗಿತ್ತು.

ನಾಲ್ಕನೆಯ ದಿನ ಮುದುಕಿಗೆ ಜ್ವರ ಬಂತು. ಮನೆಗೆ ಬಂದ ಡಾಕ್ಟರು ಉರಿಮೂತ್ರ ಎಂದರು. ಮಾತ್ರೆ ಬರೆದುಕೊಟ್ಟು, ನೀರು ಚೆನ್ನಾಗಿ ಕುಡಿಸಿ ಎಂದು ಹೇಳಿ ಹೋದರು. ದಾನೇಶ್ವರಿ ಮಂಚದ ಕೆಳಗೆ ನೋಡಿದರೆ ಕುಡಿಯುವ ನೀರಿನ ಚೊಂಬು ತುಂಬಿದ್ದಂತೆಯೇ ಇತ್ತು.

"ಯಾಕತ್ತೆ, ನೀರೇ ಕುಡ್ದಿಲ್ವಲ್ಲ?"

"ಕುಡುದ್ರೆ ಎತ್ತಬೇಕಲ್ಲಮ್ಮಿ. ನನ್ನ ಎತ್ತಿ ಎತ್ತಿ ನಿನ್ ಸೊಂಟ ಓಯ್ತು ಅಂತ ಗಂಡುನ್ ಕೂಡೆ ಅಂದ್ಯಲ್ಲ."

"ಎತ್ತೋ ರೀತಿ ಸರಿ ಇಲ್ಲ ಅಂದೆ. ನಿಮ್ಮಿಂದ ಆಯ್ತು ಅನ್ನಲಿಲ್ಲ."

"ಎರಡೂ ಒಂದೇಯ, ಬುಡು," ಎಂದು ದೊಡ್ಡಮಲ್ಲಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

ದಾನೇಶ್ವರಿ ಪಕ್ಕದಲ್ಲಿ ಕೂತು ಚಮಚದಿಂದ ನೀರು ಕುಡಿಸಿದಳು. ಮುದುಕಿ ಬೇಡ ಎನ್ನಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವಿಷಯ ಕೇಳಿದ ನಯನಾ, "ಹಾಗಾದ್ರೆ ಅವರನ್ನೂ ನೋಡಬೇಕು," ಎಂದಳು. ಭಾನುವಾರ ಮನೆಯವರೊಂದಿಗೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದವಳು ಹಿಂತಿರುಗುವಾಗ ಇವರ ಮನೆಗೆ ಬಂದಳು. ಜ್ವರ ಆಗಲೇ ಇಳಿದಿತ್ತು.

"ಅಜ್ಜಿ, ನಿಮ್ಮ ಬಲಗೈಗೆ ಏನಾಗಿದೆ?"

"ಅದುಕ್ಕೇನಾಗದೆ? ಗಟ್ಟಿಯಾಗೇ ಅದೆ."

"ಮತ್ತೆ ಅದಕ್ಕೆ ಯಾಕೆ ಕೆಲಸ ಕೊಟ್ಟಿಲ್ಲ?"

ದೊಡ್ಡಮಲ್ಲಮ್ಮ ಸೊಸೆಯ ಕಡೆ ನೋಡಿದಳು. "ಇವಳು ಬುಟ್ರೆ ತಾನೆ? ನಾನು ಕೈ ಊರೋಷ್ಟ್ರಲ್ಲಿ ಎತ್ತಿ ಕೂರುಸ್ಬುಡ್ತಳೆ."

ಅದು ಸುಳ್ಳಲ್ಲ ಎಂದು ದಾನೇಶ್ವರಿಗೆ ಆಗ ಹೊಳೆಯಿತು. ಬಸ್ಸಿನ ಅವಸರದಲ್ಲಿ ಅವಳು ಒಂದು ದಿನವೂ ಕಾದಿರಲಿಲ್ಲ.

ಮಂಚದ ಬಲಬದಿ ಗೋಡೆಗೆ ತಾಗಿದ್ದರಿಂದ ಆ ಕಡೆಯಿಂದ ಇಳಿಯಲು ಜಾಗವೇ ಇರಲಿಲ್ಲ. ನಯನಾ ಹೇಳಿದಂತೆ ಮಲ್ಲೇಶ್ ಅದನ್ನು ತಿರುಗಿಸಿ ಹಾಕಿ, ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು ಅಲುಗಾಡದಂತೆ ಎತ್ತರಿಸಿದ. ಬಲಕ್ಕೆ ಹೊರಳಬೇಕು, ಕಾಲು ಕೆಳಗೆ ಬಿಡಬೇಕು, ಮೊಣಕೈ ಊರಿ ಏಳಬೇಕು. ದೊಡ್ಡಮಲ್ಲಮ್ಮ ಎರಡು ಸಲ ಸೋತಳು. ಮೂರನೆಯ ಸಲ ಭುಜ ಮೇಲೆದ್ದಿತು, ಮಿಕ್ಕದ್ದಕ್ಕೆ ಸೊಸೆ ಆಸರೆ ಕೊಟ್ಟಳು. ಅತ್ತೆಯ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಅದನ್ನು ಹಿಡಿದು, ಮಂಡಿ ಮಡಿಸಿ ಎಬ್ಬಿಸುವುದನ್ನು ಅವಳು ಕಲಿತಳು. ಸೊಂಟವನ್ನು ತಿರುಚದೆ ಪಾದ ಎತ್ತಿಟ್ಟು ತಿರುಗುವುದನ್ನೂ ಕಲಿತಳು. ಬೆಳಗಿನ ಸರದಿ ತನ್ನದೆಂದು, ವ್ಯಾಪಾರಕ್ಕೆ ಸ್ವಲ್ಪ ತಡವಾಗಿ ಹೊರಡುತ್ತೇನೆಂದು ಮಲ್ಲೇಶ್ ತಾನಾಗಿಯೇ ಹೇಳಿದ.

ನೋವು ಒಂದೇ ಸಲಕ್ಕೆ ಹೋಗಲಿಲ್ಲ. ದಿನಾ ಚಾಪೆಯ ಮೇಲೆ ಅರ್ಧ ಗಂಟೆ ವ್ಯಾಯಾಮ, ಬಿಸಿನೀರಿನ ಶಾಖ, ಕಚೇರಿಯಲ್ಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಮೊದಲ ಮೂರು ವಾರ ಏನೂ ಬದಲಾದಂತೆ ಕಾಣಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ, ನೋವಿನ ನೆನಪೇ ಇಲ್ಲದೆ ಸಂಜೆಯಾಗಿಬಿಡುವ ದಿನಗಳು ಬರತೊಡಗಿದವು. ಆಗಾಗ ಹಿಡಿದುಕೊಂಡರೂ ಯಾಕೆಂದು ತಿಳಿದಿದ್ದರಿಂದ ಅವಳಿಗೆ ಭಯವಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಕೋಣೆಗೆ ಹೋದಾಗ ದೊಡ್ಡಮಲ್ಲಮ್ಮ ಯಾರ ಆಸರೆಯೂ ಇಲ್ಲದೆ ಎದ್ದು, ಕಾಲು ಇಳಿಬಿಟ್ಟು ಕೂತಿದ್ದಳು. ಏದುಸಿರು ಬರುತ್ತಿತ್ತು, ಕೂದಲು ಕೆದರಿತ್ತು.

"ಬಾಚಣಿಗೆ ಕೊಡಮ್ಮಿ ಇತ್ತಾಗೆ," ಎಂದಳು. "ತಲೆ ನಾನೇ ಬಾಚ್ಕತೀನಿ."

ದಾನೇಶ್ವರಿ ಬಾಚಣಿಗೆ ತಂದು ಕೊಟ್ಟು, ಕನ್ನಡಿ ಹಿಡಿದು ಎದುರಿಗೆ ಕೂತಳು.