ಕೇಳದವರಿಗೆ ಮೈಲಿಗೆಯಿಲ್ಲ

ವಾರಗಿತ್ತಿಯ ತವರಿನಿಂದ ವೀರ್ರಾಜುವಿನ ಫೋನು ಬಂದಾಗ ನೂಕರತ್ನಂ ಸಕ್ಕರೆ ಪುಡಿಯನ್ನು ಜರಡಿ ಹಿಡಿಯುತ್ತಿದ್ದಳು. ಬೆಳಿಗ್ಗೆ ಎಂಟು ಗಂಟೆ.

"ಅಕ್ಕಾ, ಅಮ್ಮ ಹೋಗ್ಬಿಟ್ಳು. ಕೋಳಿ ಕೂಗೋ ಹೊತ್ತಿಗೆ. ನಮ್ಮ ತಾಯಾರುನ ಕಳಿಸ್ಕೊಡು. ನಾಲ್ಕು ಗಂಟೆವರೆಗೂ ಇಟ್ಕೊಂಡಿರ್ತೀವಿ, ಅದಕ್ಕಿಂತ ಜಾಸ್ತಿ ಆಗಲ್ಲ, ಬಿಸಿಲು ನೋಡು ಹೆಂಗಿದೆ."

"ಆಯ್ತಪ್ಪಾ," ಎಂದಳು ನೂಕರತ್ನಂ. ಅದು ಸುಳ್ಳಲ್ಲ. ಆಗಿನ್ನೂ ಅವಳು ಹೇಳಬೇಕೆಂದೇ ಇದ್ದಳು. ಜರಡಿ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಹಿತ್ತಲಿನ ಚಪ್ಪರದವರೆಗೆ ಹೋಗಿಯೂ ಬಿಟ್ಟಳು.

ಚಪ್ಪರದಲ್ಲಿ ಐದು ಒಲೆ, ಐದರ ಮೇಲೂ ಬೋರಲು ಗಡಿಗೆ. ತೆಂಗಿನ ಗರಿಯ ಉರಿ. ನಡುವಿನ ಗಡಿಗೆಯ ಮುಂದೆ ಅವಳ ವಾರಗಿತ್ತಿ ಮಂಗತಾಯಾರು ಕೂತಿದ್ದಳು. ತೆಳ್ಳನೆಯ ಅಕ್ಕಿಹಿಟ್ಟಿನ ನೀರಲ್ಲಿ ಬಟ್ಟೆ ಅದ್ದಿ, ಕಾದ ಗಡಿಗೆಯ ಬೆನ್ನ ಮೇಲೆ ಒಂದೇ ಸಲ ಎಳೆದಳು. ಚುಯ್ ಎಂದಿತು. ಅಂಚು ಹಿಡಿದು ಎತ್ತಿದರೆ ಕಾಗದದಂಥ ರೇಕು ಬಂತು. ಆಚೆ ಕೂತವರ ಮೂಗುಬೊಟ್ಟು ಕಾಣುವಷ್ಟು ತೆಳು. ಮಿಕ್ಕ ನಾಲ್ವರು ಕೂಲಿ ಹೆಂಗಸರೂ ಅದನ್ನೇ ಮಾಡುತ್ತಾರೆ, ಅದೇ ಹಿಟ್ಟು, ಅದೇ ಉರಿ. ಅವರದು ರೇಕು, ಇವಳದು ಉಸಿರು.

"ಏನಕ್ಕಾ, ಮರಿ ಹಾಕೋ ಬೆಕ್ಕಿನ ಥರ ಬಾಗಿಲಲ್ಲಿ ಸುತ್ತಾಡ್ತಿದೀಯ?" ಎಂದಳು ಮಂಗತಾಯಾರು ತಲೆಯೆತ್ತದೆ. "ಏಳ್ನೂರು ಬಾಕಿ ಇದೆ. ನೀ ಅಲ್ಲಿ ನಿಂತ್ರೆ ನನ್ನ ಉರಿಗೆ ಗಾಳಿ ಅಡ್ಡ."

ನೂಕರತ್ನಂ ಬಾಯಿ ತೆರೆದಳು. ಬಾಯಿಂದ ಬಂದದ್ದು, "ಕಾಫಿ ಕುಡೀತೀಯಾ?"

ಅಷ್ಟೇ ನೋಡಿ. ಮನುಷ್ಯ ಕೆಡುವುದಕ್ಕೆ ಗುಡುಗು ಸಿಡಿಲು ಏನೂ ಬೇಕಾಗಿಲ್ಲ. ಕಾಫಿ ಸಾಕು.

ರಾಜಮಂಡ್ರಿಯ ದೊಡ್ಡ ಮನೆಯ ಮದುವೆ. ಮದುಮಗಳ ಜತೆ ಗಂಡನ ಮನೆಗೆ ಹೋಗುವ ಸಾರೆಗೆ ಎರಡು ಸಾವಿರ ಪೂತರೇಕು, ಈ ರೇಕಿಗೆ ತುಪ್ಪ ಸಕ್ಕರೆ ಹಾಕಿ ಮಡಿಸಿದ ಸಿಹಿ. ಸಂಜೆ ಐದಕ್ಕೆ ಕಾರು ಬರುತ್ತದೆ. ಹುಡುಗಿಯ ಸೋದರಮಾವನಿಗೆ ಹೈದರಾಬಾದಿನಲ್ಲಿ ಮಿಠಾಯಿ ಅಂಗಡಿ. ಮಾಲು ಮೆಚ್ಚಿದರೆ ವಾರ ವಾರವೂ ನಿಮ್ಮಿಂದಲೇ ಎಂದಿದ್ದ. ಮೆಚ್ಚದಿದ್ದರೆ ರಸ್ತೆಯಾಚೆ ಅಂಗಡಿಯ ಗಂಗರಾಜು ಬಾಯಿ ತೆರೆದುಕೊಂಡೇ ಕೂತಿದ್ದಾನೆ. ಮಾವ ರುಚಿ ನೋಡಿ ಒಪ್ಪಿದ್ದು ಮಂಗತಾಯಾರು ಎಳೆದ ರೇಕನ್ನು. ಬೇರೆಯವರದನ್ನು ಬೆರಳಲ್ಲಿ ಮುಟ್ಟಿ, "ಇದು ದೋಸೆ ಕಣಮ್ಮಾ" ಎಂದು ಪಕ್ಕಕ್ಕಿಟ್ಟಿದ್ದ. ಹಾಗಾಗಿ ಸಾರೆಯ ರೇಕೆಲ್ಲ ಅವಳ ಕೈಯದೇ ಆಗಬೇಕು, ಮಿಕ್ಕವರದು ಅಂಗಡಿಯ ದಿನದ ಮಾರಾಟಕ್ಕೆ.

ತಾಯಿ ಸತ್ತರೆ ಮದುವೆಯಾದ ಮಗಳಿಗೆ ಮೂರು ದಿನದ ಮೈಲಿಗೆ. ಮೈಲಿಗೆಯವಳು ಗಡಿಗೆ ಮುಟ್ಟುವ ಹಾಗಿಲ್ಲ. ಅದೂ ಮದುವೆಯ ಸಾರೆಗೆ!

ನೂಕರತ್ನಂಗೆ ಪುರೋಹಿತರ ಮಾತು ನೆನಪಾಯಿತು: ಸೂತಕ ಹಿಡಿಯುವುದು ಕಿವಿಗೆ ಬಿದ್ದ ಗಳಿಗೆಯಿಂದ, ಕೇಳದವರಿಗೆ ಮೈಲಿಗೆಯಿಲ್ಲ. ಸರಿಯಾದ ಮಾತೇ. ಅವಳ ಗಂಡ ತೀರಿಕೊಂಡಾಗ ಬರ್ಮಾ ಕಡೆಯಿದ್ದ ಚಿಕ್ಕಪ್ಪನಿಗೆ ತಿಂಗಳಾದ ಮೇಲೆ ಕಾಗದ ಮುಟ್ಟಿ, ಆತ ಅವತ್ತಿನಿಂದಲೇ ಸೂತಕ ಎಣಿಸಿದ್ದ. ಆದರೆ ಆ ಶಾಸ್ತ್ರ ಮಾಡಿದ್ದು ಹಡಗು ಹತ್ತಿ ಹೋದವರಿಗೇ ಹೊರತು ಹಿತ್ತಲಲ್ಲಿ ಕೂತವರಿಗಲ್ಲ. ಅದು ನೂಕರತ್ನಂಗೂ ಗೊತ್ತಿತ್ತು. ಗೊತ್ತಿದ್ದೂ, 'ಈಗ ಅವಳು ಮಡಿಯಲ್ಲೇ ಇದ್ದಾಳೆ, ನಾನು ಹೇಳಿದರೆ ತಾನೇ ಮೈಲಿಗೆ' ಎಂದು ಲೆಕ್ಕ ಹಾಕಿದಳು. ಮೂರು ಗಂಟೆಗೆ ಮುಗಿಸಿ, ಆಟೋ ಮಾಡಿ ರೇವಿಗೆ ಕಳಿಸಿದರೆ ದೋಣಿಯಲ್ಲಿ ಹೊಳೆ ದಾಟಿ ನಾಲ್ಕಕ್ಕೆ ಲಂಕೆ, ಅಂದರೆ ಹೊಳೆ ನಡುವಿನ ದಿಬ್ಬದ ಮೇಲಿನ ತವರೂರು, ಸೇರುತ್ತಾಳೆ. ಮುಖ ನೋಡುತ್ತಾಳೆ. ಮಾಲೂ ಉಳಿಯುತ್ತದೆ.

ಹನ್ನೊಂದು ವರ್ಷದ ಕೆಳಗೆ ಇವರಿಬ್ಬರಿಗೆ ಇದ್ದದ್ದು ಅತ್ತೆಯ ಒಂದು ಗಡಿಗೆ. ದೊಡ್ಡವಳ ಗಂಡ ಸತ್ತ, ಚಿಕ್ಕವಳ ಗಂಡ ಕುವೈತಿಗೆ ಹೋದವನು ಹೋದವನೇ. ಒಬ್ಬಳು ಎಳೆಯುವುದು, ಒಬ್ಬಳು ಬುಟ್ಟಿ ಹೊತ್ತು ಬಸ್ಸಿನ ಕಿಟಕಿ ಕಿಟಕಿಗೆ ಓಡುವುದು. ಬಾಯಿ ಒಬ್ಬಳದು, ಕೈ ಒಬ್ಬಳದು. ಉಂಡರೆ ಒಂದೇ ತಟ್ಟೆ, ಉಪವಾಸವಾದರೂ ಒಟ್ಟಿಗೆ. ನಿನ್ನ ಪಾಲೆಷ್ಟು ನನ್ನ ಪಾಲೆಷ್ಟು ಎಂಬ ಮಾತೇ ಇಬ್ಬರ ನಡುವೆ ಬಂದದ್ದಿಲ್ಲ. ಹಾಗೆ ಬೆಳೆದದ್ದು ಈ ಅಂಗಡಿ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ತುಪ್ಪದ ಅಬ್ಬುಲು ಬಂದ. ಅವನು ಲಂಕೆಯ ಕಡೆಯವನು ಎಂಬುದು ನೂಕರತ್ನಂಗೆ ಹೊಳೆದದ್ದೇ ಅವನ ಸೈಕಲ್ಲಿನ ಗಂಟೆ ಹಿತ್ತಲಲ್ಲಿ ಕೇಳಿದಾಗ. ಅಯ್ಯೋ ದೇವರೇ! ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ಓಡಿದಳು. ಅಷ್ಟರಲ್ಲಿ ಅವನು ಖಾಲಿ ಕ್ಯಾನು ಕಟ್ಟಿ ಹೊರಟಿದ್ದ.

"ಏನಂದ ಅಬ್ಬುಲು?" ಎಂದಳು, ಏದುಸಿರು ಬಿಡುತ್ತಾ.

"ಏನಂತಾನೆ? ತುಪ್ಪ ಕೊಟ್ಟ, ಹೋದ," ಎಂದಳು ಮಂಗತಾಯಾರು. ಬಟ್ಟೆ ಅದ್ದಿದಳು, ಎಳೆದಳು.

ನೂಕರತ್ನಂಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಚಪ್ಪರದಲ್ಲಿ ಮಾತಿರಲಿಲ್ಲ, ನಗೆಯಿರಲಿಲ್ಲ. ಕೆಲಸದ ಒತ್ತಡ ಎಂದುಕೊಂಡಳು. ರೇಕುಗಳು ಬೆಳಗಿಗಿಂತ ತೆಳ್ಳಗೆ ಬರುತ್ತಿದ್ದವು. ಅವುಗಳಿಗೆ ತುಪ್ಪ ಸವರಿ, ಸಕ್ಕರೆ ಉದುರಿಸಿ ಮಡಿಸುತ್ತಾ ಅವಳು ಖುಷಿಯನ್ನೂ ಪಟ್ಟಳು. ನಾಚಿಕೆಗೇಡಿನ ಮಾತು, ಆದರೆ ಪಟ್ಟದ್ದು ನಿಜ.

ಎರಡೂವರೆಗೆ ಮಂಗತಾಯಾರು ತಾನಾಗಿ ಕೇಳಿದಳು. "ಅಕ್ಕಾ, ನಂಗೇನಾದ್ರೂ ಹೇಳೋದಿತ್ತಾ?"

ಇನ್ನೂ ಇನ್ನೂರೈವತ್ತು ಬಾಕಿ.

"ಏನಿಲ್ವೇ. ಬೇಗ ಬೇಗ ಕೈ ಆಡ್ಸು."

ಮಂಗತಾಯಾರು ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಲೆಗೆ ಗರಿ ಹಾಕಿದಳು.

ಮೂರಕ್ಕೆ ಮುಗಿಯಲಿಲ್ಲ. ವೀರ್ರಾಜು ಮೂರು ಸಲ ಫೋನು ಮಾಡಿದ. ನೂಕರತ್ನಂ ಫೋನನ್ನು ಸಕ್ಕರೆ ಮೂಟೆಯ ಸಂದಿಯಲ್ಲಿ ತುರುಕಿದಳು. ನಾಲ್ಕಾಯಿತು. ನಾಲ್ಕು ಗಂಟೆ ಅನ್ನುವುದು ಎಲ್ಲ ಗಂಟೆಗಳ ಹಾಗೇ ಆಗಿ ಹೋಯಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯ ಪೆಟ್ಟಿಗೆಗೆ ದಾರ ಬಿತ್ತು. ಕಾರು ಬಂತು. ಮಾವ ಒಂದು ಪೂತರೇಕು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. "ಅಮ್ಮಾ, ಇಂಥಾದ್ದು ನಮ್ಮೂರಲ್ಲಿ ಹುಟ್ಟಲ್ಲ ಬಿಡಿ. ಬರೋ ಸೋಮವಾರದಿಂದ ಶುರು ಮಾಡ್ಕೊಳ್ಳಿ," ಎಂದ.

ಕಾರು ತಿರುವು ದಾಟುವವರೆಗೆ ನೂಕರತ್ನಂ ಕೈ ಮುಗಿದುಕೊಂಡೇ ನಿಂತಿದ್ದಳು. ಆಮೇಲೆ ಬಾವಿಕಟ್ಟೆಗೆ ಹೋಗಿ ಮುಖ ತೊಳೆದಳು. ಅಳು ತಂದುಕೊಳ್ಳಬೇಕಾಗಲಿಲ್ಲ, ತಾನೇ ಬಂತು. ಚಪ್ಪರಕ್ಕೆ ಬಂದು ಮಂಗತಾಯಾರುವಿನ ಭುಜ ಹಿಡಿದಳು.

"ತಾಯಾರೂ... ಈಗಷ್ಟೇ ಫೋನ್ ಬಂತು ಕಣೇ. ನಿಮ್ಮಮ್ಮ..."

"ಈಗಷ್ಟೇನಾ?" ಎಂದಳು ಮಂಗತಾಯಾರು. ಅವಳು ಒಲೆಯ ಬೂದಿ ಬಳಿಯುತ್ತಿದ್ದಳು, ನಿಲ್ಲಿಸಲಿಲ್ಲ. "ಅಬ್ಬುಲು ಹನ್ನೆರಡಕ್ಕೇ ಹೇಳಿದ. ಬೆಳಿಗ್ಗೆ ಎಂಟಕ್ಕೆ ಅಂಗಡಿಗೆ ಫೋನ್ ಮಾಡಿದಾರೆ, ಇನ್ನೂ ಹೊರಟಿಲ್ವಾ ಅಂದ. ಇವರೆಲ್ಲ ಕೇಳಿಸ್ಕೊಂಡ್ರು."

ಕೂಲಿಯ ನಾಲ್ವರೂ ಕತ್ತು ತಗ್ಗಿಸಿದರು.

ನೂಕರತ್ನಂನ ಕೈ ಭುಜದಿಂದ ಜಾರಿತು. "ಗೊತ್ತಿದ್ದೂ... ಗೊತ್ತಿದ್ದೂ ಕೂತ್ಯಾ? ಮದುವೆ ಮಾಲು ಕಣೇ ಅದು! ಮೈಲಿಗೆಯಲ್ಲಿ ಗಡಿಗೆ ಮುಟ್ಟಿದ್ಯಾ?"

"ಮುಟ್ಟಿದೆ. ಏಳ್ನೂರರಲ್ಲಿ ನಾನೂರು ಮೈಲಿಗೇಲೇ ಎಳೆದದ್ದು."

"ಎದ್ದು ಹೋಗಬಾರದಿತ್ತಾ? ನಾನೇನು ಕಟ್ಟಿ ಹಾಕಿದ್ನಾ?"

"ಹೋಗ್ಬೋದಿತ್ತು. ಮೊದಲು, ಈ ಗಡಿಗೆ ಮುಗೀಲಿ, ಬಂದು ಹೇಳ್ತಾಳೆ ಅಂದ್ಕೊಂಡೆ. ಆಮೇಲೆ, ಅಳೋದಕ್ಕೆ ಹೆದರ್ತಿದಾಳೆ ಪಾಪ ಅಂದ್ಕೊಂಡೆ. ಎರಡೂವರೆಗೆ ನಾನೇ ಬಾಯಿ ಬಿಟ್ಟು ಕೇಳಿದೆ. ಏನಿಲ್ಲ ಅಂದೆ ನೀನು. ಆಮೇಲೂ ಹೋದ್ರೆ ಮುಖ ಸಿಗ್ತಿತ್ತು. ಆದ್ರೆ ನಾನೂ ಆ ವಾರ ವಾರದ ಆರ್ಡರ್ ನೆನೆಸ್ಕೊಂಡೆ. ಅದನ್ನ ಸುಳ್ಳು ಹೇಳಲ್ಲ. ನಮ್ಮಮ್ಮನ್ನ ಅಲ್ಲಿ ಬಿಸಿಲಲ್ಲಿ ಮಲಗ್ಸಿ ನಾವಿಬ್ರೂ ಇಲ್ಲಿ ಕೂತು ಪೂತರೇಕು ಮಾಡಿದ್ವಿ."

ನೂಕರತ್ನಂ ಬಾಯಿಗೆ ಸೆರಗು ಒತ್ತಿಕೊಂಡಳು. ಮಂಗತಾಯಾರು ಕೈ ತೊಳೆದಳು. ಬಾವಿಯಿಂದ ಎರಡು ಕೊಡ ನೀರು ಸೇದಿ ಉಟ್ಟ ಸೀರೆಯಲ್ಲೇ ತಲೆಗೆ ಸುರಿದುಕೊಂಡಳು. ತೊಟ್ಟಿಕ್ಕುತ್ತಲೇ ಬಂದು ನಿಂತಳು.

"ಸೋಮವಾರದೊಳಗೆ ಬರ್ತೀನಿ. ಮೂರೇ ದಿನ ತಾನೇ."

"ತಾಯಾರೂ, ನನ್ನ ಮುಖ ನೋಡೇ. ಬೈಯೇ. ಹೊಡಿಯೇ..."

ಮಂಗತಾಯಾರು ಆಚೆ ನಿಂತಿದ್ದ ನಾಲ್ವರ ಸಾಲಿಗೆ ಹೋಗಿ ನಿಂತು ಅಂಗೈ ಚಾಚಿದಳು.

"ಇವತ್ತಿನ ಕೂಲಿ ಕೊಡಿ ಅಮ್ಮಾವ್ರೇ. ದೋಣಿಗೆ ಬೇಕು."

ನೂಕರತ್ನಂ ಸೊಂಟದ ಚೀಲ ಬಿಚ್ಚಿದಳು. ಎಷ್ಟು ಕೊಡಬೇಕೆಂದು ಅವಳಿಗೆ ತಿಳಿಯಲಿಲ್ಲ.