ಹಗಲಿನ ನೀರು

ಮೂರನೆಯ ಸಲವೂ ಒಟಿಪಿ ಬರಲಿಲ್ಲವೆಂದರೆ ಕಂಪ್ಯೂಟರ್ ಸೆಂಟರಿನ ಭಾನುಪ್ರಿಯ ನಂಬಲಾರಳು ಎಂದು ಲತಾಮಣಿಗೆ ಬೆಳಿಗ್ಗೆಯಿಂದಲೇ ಅನ್ನಿಸುತ್ತಿತ್ತು. ಗಂಡನ ಬೈಕಿನಲ್ಲಿ ಹಿಂದೆ ಕೂತು ಚನ್ನಪಟ್ಟಣಕ್ಕೆ ಬರುವ ದಾರಿಯುದ್ದಕ್ಕೂ ಅವಳು ಪರ್ಸಿನೊಳಗಿನ ಫೋನನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಬೈರಾಪಟ್ಟಣದ ಅವರ ಜಮೀನು ಅವಳ ತವರಿನಿಂದ ಬಂದದ್ದು, ಪಹಣಿ ಅವಳ ಹೆಸರಲ್ಲಿದೆ. ಬೋರ್‌ವೆಲ್ಲಿಗೆ ಸೋಲಾರ್ ಪಂಪು ಹಾಕಿಸಬೇಕೆಂದರೆ ಅರ್ಜಿಯೂ ಅವಳ ಹೆಸರಲ್ಲೇ ಹೋಗಬೇಕು, ಫೋನಿಗೆ ಬಂದ ನಂಬರನ್ನು ಅವಳೇ ಓದಿ ಹೇಳಬೇಕು. ಹಿಂದಿನ ಎರಡು ಸಲವೂ ನಂಬರು ಬಂದಿತ್ತು. ಎರಡು ಸಲವೂ ಅವಳು ಅದನ್ನು ಮೆಲ್ಲಗೆ ಅಳಿಸಿಹಾಕಿ "ಬರ್ಲಿಲ್ಲ ಕಣಮ್ಮ" ಎಂದಿದ್ದಳು. ನಾಗರಾಜು ಟವರನ್ನು ಬೈದಿದ್ದ.

ಅವರ ಕಡೆಯ ಲೈನಿಗೆ ಪಂಪು ಓಡಿಸುವ ತ್ರೀಫೇಸ್ ಕರೆಂಟು ಬರುವುದು ರಾತ್ರಿ ಹೊತ್ತು. ಉಂಡು ಕೈತೊಳೆದು, ಬ್ಯಾಟರಿ, ದೊಣ್ಣೆ ಹಿಡಿದು ನಾಗರಾಜು ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಲು ಹೊರಟನೆಂದರೆ ಮನೆ ಅವಳದಾಗುತ್ತಿತ್ತು. ಮಗಳು ಮದುವೆಯಾಗಿ ಮಾಗಡಿ ಸೇರಿದ ಮೇಲಂತೂ ಪೂರ್ತಿ ಅವಳದು. ಲೈಟು ಆರಿಸಿ, ಜಗಲಿಯ ಮೇಲೆ ಕಾಲು ಚಾಚಿ ಸುಮ್ಮನೆ ಕೂರುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ. ಯಾರೂ ಅವಳನ್ನು ಕರೆಯದ ಹೊತ್ತು ದಿನದಲ್ಲಿ ಅದೊಂದೇ.

ನಾಗರಾಜು ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈಯೆತ್ತಿದವನಲ್ಲ. ಆದರೆ ಮನೆಯಲ್ಲಿದ್ದಷ್ಟು ಹೊತ್ತೂ ಅವನಿಗೆ ಅವಳು ಬೇಕು. ನೀರು ಕೊಡಬೇಕು, ಚಾರ್ಜರು ಹುಡುಕಬೇಕು, ಬೆನ್ನಿಗೆ ಎಣ್ಣೆ ತಿಕ್ಕಬೇಕು. ಟೀವಿ ನೋಡಿದರೆ ಪಕ್ಕದಲ್ಲಿ ಕೂತು ಅವಳೂ ನೋಡಬೇಕು. ಎಲ್ಲೋ ಸಮುದ್ರದಲ್ಲಿ ತೈಲದ ಹಡಗುಗಳು ನಿಂತುಹೋದ ಸುದ್ದಿ ಬಂದಾಗಿನಿಂದ ಅವನ ಬಾಯಲ್ಲಿ ಅದೇ ಮಾತು.

"ಅಲ್ಲಿ ಹಡಗು ನಿಂತ್ರೆ ಇಲ್ಲಿ ಊರೋರ ಡೀಸೆಲ್ ಇಂಜಿನ್ನೆಲ್ಲ ನಿಂತೋಯ್ತವೆ. ಕರೆಂಟಿಗೂ ಕಲ್ಲಿದ್ಲು ಇಲ್ಲ ಅಂತಾವ್ರೆ. ಬಿಸ್ಲಿಗೆ ಯಾವನು ಬೀಗ ಹಾಕ್ತಾನೆ ಹೇಳು."

ಅವಳು ಹೂಂ ಎನ್ನುತ್ತಿದ್ದಳು. ಅವನ ಮಾತು ನಿಜವೆಂದು ಗೊತ್ತಿದ್ದೇ ಒಳಗೊಳಗೆ ಹೆದರುತ್ತಿದ್ದಳು. ಹಗಲಲ್ಲಿ ನೀರು ಬಂದರೆ ರಾತ್ರಿ ಇವನು ಮನೆಯಲ್ಲೇ ಇರುತ್ತಾನೆ.

ಮೊನ್ನೆ ರಾತ್ರಿ ಪಂಪ್‌ಹೌಸಿನ ಹಿಂದೆಯೇ ಕಾಡಿನಿಂದ ಬಂದ ಆನೆ ನಿಂತಿತ್ತು. ನಾಗರಾಜು ಬದುವಿನ ಮೇಲೆ ಬಿದ್ದು ಎದ್ದು ಓಡಿ ಬಂದ. ಮೊಣಕಾಲಿನ ಗಾಯಕ್ಕೆ ಅರಿಶಿನ ಹಚ್ಚಿಸಿಕೊಳ್ಳುತ್ತಾ, "ಒಸಿ ತಡ ಆಗಿದ್ರೆ ಪೂರ್ತಿ ಜಮೀನು ನೀನೇ ನೋಡ್ಕಬೇಕಿತ್ತು" ಎಂದು ನಗಾಡಿದ. ಅವಳಿಗೆ ನಗು ಬರಲಿಲ್ಲ. ಅಳಿಸಿಹಾಕಿದ ಆ ಎರಡು ನಂಬರುಗಳು ಅಂದಿನಿಂದ ನಿದ್ದೆ ಮಾಡಗೊಡಲಿಲ್ಲ. ಅವನ ಜೀವ ಒತ್ತೆಯಿಟ್ಟು ತಾನು ಜಗಲಿಯ ಮೇಲೆ ಕೂತಿದ್ದೆನಲ್ಲ ಅನ್ನಿಸಿತು. ಹಾಗೆ ಅನ್ನಿಸಿದ ಮೇಲೂ ಆ ಜಗಲಿ ಬೇಕು ಅನ್ನಿಸುವುದು ನಿಲ್ಲಲಿಲ್ಲ.

"ಈ ಸಲ ಫೋನು ಟೇಬಲ್ ಮೇಲೇ ಇಡಿ ಅಕ್ಕ," ಸೆಂಟರಿನಲ್ಲಿ ಅರ್ಜಿ ತುಂಬುತ್ತಾ ಭಾನುಪ್ರಿಯ ಅಂದಳು.

ಫೋನು ಗುಂಯ್‌ಗುಟ್ಟಿತು.

"ಬಂತು ನೋಡು. ಓದಮ್ಮಿ," ನಾಗರಾಜು ಮುಂದೆ ಬಗ್ಗಿದ.

ಲತಾಮಣಿ ಫೋನಿನ ಮೇಲೆ ಅಂಗೈ ಇಟ್ಟಳು. "ಸೋಲಾರ್ ಹಾಕ್ಸುದ್ರೆ ನೀರು ಹಗಲೊತ್ತೇ ತಾನೆ?"

"ಅದ್ಕೇ ಅಲ್ವಾ ಒದ್ದಾಡ್ತಿರೋದು."

"ಹಂಗಾದ್ರೆ ನೀರು ನಾನು ಕಟ್ತೀನಿ."

ಅವನು ನಕ್ಕ. "ನೀನಾ? ಒಲೆ ಮುಂದೆ ಕೂತು ಮುದ್ದೆ ಯಾರು ತೊಳ್ಸೋರು?"

"ತೊಳ್ಸಿಟ್ಟು ಹೋಯ್ತೀನಿ. ಇಲ್ಲಾಂದ್ರೆ ನೀವೇ ತೊಳ್ಸಿ."

"ಹೆಂಡ್ತಿ ಕೈಗೆ ಗುದ್ಲಿ ಕೊಟ್ಟು ನಾಗರಾಜು ಮನೇಲಿ ಕೂತವ್ನೆ ಅಂತಾರೆ ಜನ."

"ಜಮೀನು ಅವ್ಳದೇ ಅಂತಾನೂ ಅಂತಾರೆ."

ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಲಿಲ್ಲ ಅವಳು. "ನಂಗೆ ಒಸಿ ಹೊತ್ತು ಒಬ್ಳೇ ಇರ್ಬೇಕು ಕಣ್ರೀ. ರಾತ್ರಿ ಹೊತ್ತು ಇರ್ತಿದ್ದೆ. ಇನ್ಮೇಲೆ ಹಗಲಲ್ಲಿ ಇರ್ತೀನಿ, ತೋಟದಲ್ಲಿ."

"ನಾನೇನು ಅಡ್ಡ ಬಂದಿದೀನಾ?"

ಅವಳು ಫೋನಿನ ಮೇಲಿಂದ ಅಂಗೈ ತೆಗೆಯಲಿಲ್ಲ.

"ಟೈಮ್ ಆಗೋಯ್ತು ಅಕ್ಕ, ಈ ನಂಬರು ಇನ್ನು ನಡ್ಯಲ್ಲ," ಭಾನುಪ್ರಿಯ ಪರದೆ ನೋಡುತ್ತಲೇ ಹೇಳಿದಳು.

ನಾಗರಾಜು ಹೆಂಡತಿಯ ಅಂಗೈಯನ್ನೇ ನೋಡುತ್ತಿದ್ದ. "ಹಿಂದಿನ್ ಎರಡು ಸಲಾನೂ ಬಂದಿತ್ತಾ?"

"ಬಂದಿತ್ತು."

ಅವನು ಮೊಣಕಾಲಿನ ಗಾಯವನ್ನು ಪಂಚೆಯ ಮೇಲಿಂದಲೇ ಸವರಿಕೊಂಡ. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಸಾಲಿಂದ ಸಾಲಿಗೆ ನೀರಿನ ಮಡೆ ತಿರುಗ್ಸಕ್ಕೆ ಬತ್ತದಾ ನಿಂಗೆ?"

"ಅದೇ ಜಮೀನಲ್ಲಿ ನಮ್ಮಪ್ಪನ ಜೊತೆ ತಿರುಗ್ಸಿದೀನಿ."

"ಇನ್ನೊಂದು ಕಳ್ಸವ್ವ," ಎಂದು ಭಾನುಪ್ರಿಯಳಿಗೆ ಹೇಳಿ ಅವನು ಎದ್ದ. ಹೊರಗೆ ಹೋಗಿ ಬಿಸಿಲಿನಲ್ಲಿ, ಬೈಕಿನ ಪಕ್ಕ ಬೆನ್ನು ಹಾಕಿ ನಿಂತ. ಮುಖ ಕಾಣುತ್ತಿರಲಿಲ್ಲ.

ಫೋನು ಮತ್ತೆ ಗುಂಯ್‌ಗುಟ್ಟಿತು. ಲತಾಮಣಿ ಅಂಗೈ ತೆಗೆದಳು. ಬಾಗಿಲ ಕಡೆ ಒಮ್ಮೆ ನೋಡಿ, ಅಂಕಿಗಳನ್ನು ಒಂದೊಂದಾಗಿ ಓದತೊಡಗಿದಳು.